ಎಂಜಿನ್ನಿಗಿಟ್ಟ ಹೋಳು

ಕಾಲೆತ್ತಿ ತಾತ ಅಂದಳು, ಎತ್ತಿದ, ಎರಡೂ ಕಾಲನ್ನು ಸೋಫಾದ ಅಂಚಿನ ಮಟ್ಟಕ್ಕೆ ಎತ್ತಿ ಹಿಡಿದು ಕೂತ ಪರಮಶಿವಯ್ಯ, ಒದ್ದೆ ಮಾಪು ಅವನ ಚಪ್ಪಲಿ ಇದ್ದ ಜಾಗದಲ್ಲಿ ಒಂದು ಸಲ ಹೋಗಿ ಒಂದು ಸಲ ಬಂತು, ನೆಲ ಕನ್ನಡಿಯ ಹಾಗೆ, ಅದರಲ್ಲಿ ಮೇಲಿನ ದೀಪಗಳು, ದೀಪಗಳ ನಡುವೆ ತನ್ನದೇ ಹಣೆ, ಹಣೆಯ ಮೇಲೆ ಮೂರು ಗೆರೆ — ಬೆಳಗ್ಗೆ ವಿಭೂತಿ ಗಟ್ಟಿ ಹಿಡಿದಾಗ ಕೈ ಒಂದು ಗಳಿಗೆ ನಿಂತಿತ್ತು, ಇವತ್ತೊಂದು ದಿನ ಬೇಡ ಅನ್ನಿಸಿತ್ತು, ಎಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬೇಡ ಅನ್ನಿಸಿದ್ದು, ಆಮೇಲೆ ಶಿವಾ ಅಂತ ಹಚ್ಚಿಕೊಂಡೇ ಬಂದ — ಆಯ್ತು ತಾತ, ಇಳಿಸಿ, ಅಂದಳು ಅಂಕಮ್ಮ, ಮುಖ ನೋಡಲಿಲ್ಲ, ಬಕೆಟ್ಟನ್ನು ಕಾಲಲ್ಲಿ ತಳ್ಳಿಕೊಂಡು ಆಚೆ ಸೋಫಾದ ಕಡೆ ಹೋದಳು. ಹೋದ ಶನಿವಾರದ ತನಕ ಇದೇ ಹೆಂಗಸು ಮರೂನು ಬಣ್ಣದ ಸೀರೆ ಉಟ್ಟು, ಒಂದು ಮೊಳ ಕನಕಾಂಬರ ಮುಡಿದು, ಕೈಯಲ್ಲಿ ಆರತಿ ತಟ್ಟೆ ಹಿಡಿದು ಈ ಶೋರೂಮಿನ ನೆಲದ ಮೇಲೆ ಮದುವೆಮನೆ ಯಜಮಾನಿಯ ಹಾಗೆ ನಡೆಯುತ್ತಿದ್ದಳು, ಹೊಸ ಕಾರು ಒಯ್ಯುವವರಿಗೆಲ್ಲ ಪೂಜೆ ಮಾಡಿಕೊಡುವವಳು ಅವಳೇ, ಒಂಬತ್ತು ವರ್ಷದಿಂದ ಅವಳೇ ಅಂತೆ, ಈಗ ನೀಲಿ ಕೋಟು, ಫಿನಾಯಿಲ್ ವಾಸನೆ ಅವಳಿಗಿಂತ ಒಂದು ಹೆಜ್ಜೆ ಮುಂಚೆ ಬರುತ್ತದೆ, ಒಂದು ಹೆಜ್ಜೆ ತಡವಾಗಿ ಹೋಗುತ್ತದೆ, ಇನ್ಮೇಲೆ ನೀನು ಪೂಜೆ ತಟ್ಟೆ ಮುಟ್ಬೇಡಮ್ಮ, ಬಾತ್‌ರೂಮ್ ನೋಡ್ಕೊಂಡ್ರೆ ಸಾಕು ಅಂತ ಸರ್ವೀಸಿನ ಮ್ಯಾನೇಜರು ಚಿದಾನಂದ್ ಅಂದಾಗ ತಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ, ಎರಡು ಕೈ ಮಡಿಲಲ್ಲಿತ್ತು, ಬಾಯಲ್ಲಿ ನಾಲಿಗೆಯೂ ಇತ್ತು. ಇವತ್ತು ಹೇಳಬೇಕು, ಮಗಳು ಜಯಶೀಲಾ ಅಲ್ಲಿ ಕೌಂಟರಿನಲ್ಲಿ ನಿಂತು ಕಾಗದಗಳಿಗೆ ಸೈನು ಹಾಕುತ್ತಿದ್ದಾಳೆ, ರಿಪೇರಿಯಾದ ಗಾಡಿ ಹಿಂದಿನಿಂದ ತೊಳೆದು ಬರುತ್ತದೆಯಂತೆ, ಅದು ಬರುವುದರೊಳಗೆ ಹೇಳಬೇಕು, ಆ ಹೋಳು ಇಟ್ಟವನು ನಾನು, ನಾಲ್ಕೇ ಮಾತು, ಮನೆಯಿಂದ ಬರುವಾಗ ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಅದನ್ನೇ ಹೊರಳಿಸಿಕೊಂಡು ಬಂದಿದ್ದಾನೆ, ಕುಮಾರಸ್ವಾಮಿ ಲೇಔಟಿನಿಂದ ಕನಕಪುರ ರಸ್ತೆಯ ತನಕ, ಹುಣಿಸೆಬೀಜದ ಹಾಗೆ.

ವಾರಂಟಿ ಅಂತ ಜಯಶೀಲಾ ಮೊದಲ ಸಲ ಫೋನಿನಲ್ಲಿ ಗಟ್ಟಿ ದನಿ ತೆಗೆದ ದಿನ ಅವನ ಎದೆ ಧಸಕ್ಕೆಂದಿತ್ತು, ಅವನಿಗೆ ಗೊತ್ತಿದ್ದದ್ದು ವಾರಂಟು, ಚಿಕ್ಕವನಿದ್ದಾಗ ಊರಿಗೆ ಕಾಕಿ ಚಡ್ಡಿಯವನು ತರುತ್ತಿದ್ದ ವಾರಂಟು, ಅದು ಬಂತು ಅಂದರೆ ಗಂಡಸರು ಹಿತ್ತಲ ಬಾಗಿಲಿಂದ ಹೊಲಕ್ಕೆ, ಅದಲ್ಲ ತಾತ, ಕಾರು ಕೆಟ್ಟರೆ ಕಂಪನಿಯವರೇ ಸರಿ ಮಾಡಿಕೊಡಬೇಕು, ಮೂರು ವರ್ಷ, ಹಾಗಂತ ಬರೆದು ಕೊಟ್ಟಿದ್ದಾರೆ ಅಂತ ಮೊಮ್ಮಗಳು ಸಿರಿ ಬಿಡಿಸಿ ಹೇಳಿದ್ದಳು, ಅವನು ನಕ್ಕಿದ್ದ, ಆದರೆ ಈಗ ನೋಡಿದರೆ ಹಳೇ ಅರ್ಥವೇ ಸರಿಯಾಗಿತ್ತು, ಹಿತ್ತಲ ಬಾಗಿಲೊಂದು ಇಲ್ಲ ಅಷ್ಟೆ. ದೀಪಾವಳಿ ಕಳೆದ ವಾರ ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿ ನಿಂತೇ ಹೋಯಿತು, ಮುಂದಿನ ಗಾಜಿನ ಕೆಳಗೆ ಇದ್ದಬದ್ದ ದೀಪವೆಲ್ಲ ಹೊತ್ತಿಕೊಂಡಿತು, ಹಿಂದೆ ಹಾರನ್ನಿನ ಸಂತೆ, ಸಿರಿಗೆ ಅವತ್ತು ಪರೀಕ್ಷೆ, ಜಯಶೀಲಾ ಅವಳನ್ನು ಆಟೋ ಹತ್ತಿಸಿ ತಾನು ರಸ್ತೆ ಮಧ್ಯೆ ನಿಂತು ಬೈಸಿಕೊಂಡಳು, ಹೈಸ್ಕೂಲು ಮೇಡಂ ಅವಳು, ಇಪ್ಪತ್ತು ವರ್ಷ ಸ್ಕೂಟರಿನಲ್ಲಿ ಮಳೆಗೆ ನೆಂದು ಕೊನೆಗೆ ಕಂಡ ಕಾರು, ಗೌರಿಹಬ್ಬದ ದಿನ ಮನೆಗೆ ಬಂದ ಕಾರು, ಅದನ್ನು ಕೊಕ್ಕೆ ಹಾಕಿದ ಲಾರಿ ಎಳೆದುಕೊಂಡು ಹೋಗುವಾಗ ಸತ್ತ ಎತ್ತನ್ನು ಎಳೆದ ಹಾಗಿತ್ತಪ್ಪ ಅಂದಳು. ಇಲ್ಲಿಗೆ ಬಂದ ಮೇಲೆ ಬಾನೆಟ್ ತೆಗೆದು ನೋಡಿದರು, ವೈರುಗಳನ್ನು ಇಲಿ ಕಡಿದಿದೆ ಮೇಡಂ, ಇಲಿ ಕಡಿದದ್ದಕ್ಕೆ ವಾರಂಟಿ ಬರಲ್ಲ ಅಂದ ಚಿದಾನಂದ್, ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು, ಗಣೇಶನ ವಾಹನ ನಿಮ್ಮ ವಾಹನ ತಿಂದಿದೆ, ನಾವೇನು ಮಾಡೋಣ ಹೇಳಿ ಅಂತ ಹಲ್ಲು ಬಿಟ್ಟ, ಜಯಶೀಲಾಗೆ ಎಲ್ಲಿತ್ತೋ ಸಿಟ್ಟು, ತರಗತಿಯಲ್ಲಿ ಹಿಂದಿನ ಬೆಂಚಿನವನನ್ನು ನೋಡುವ ಹಾಗೆ ನೋಡಿ ಇನ್ನೊಂದು ಸಲ ಹೇಳಿ ಅಂದಳು, ಅವನು ಮೇಜಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ, ಕವರಿನೊಳಗಿಂದ ಒಂದು ತೆಂಗಿನಕಾಯಿಯ ಹೋಳು ತೆಗೆದು ಕಾಗದದ ಮೇಲಿಟ್ಟ, ಒಣಗಿ ಕಂದು ತಿರುಗಿದ ಕೊಬ್ಬರಿ, ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಹಲ್ಲಿನ ಗುರುತು, ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಸಿಕ್ತು ಮೇಡಂ, ಇಲಿಗೆ ನೀವೇ ಎಲೆ ಹಾಕಿ ಬಡಿಸಿದ್ದೀರಿ.

ಅಯ್ಯೋ ಸಂಜೆ ತೆಗೆಯುವುದನ್ನು ಮರೆತೆ — ಆ ಹೋಳು ಕಂಡ ಕೂಡಲೇ ಅವನಿಗೆ ಹೊಳೆದದ್ದು ಅಷ್ಟೇ, ತಪ್ಪು ಮಾಡಿದೆ ಅಂತ ಕೂಡ ಅಲ್ಲ, ಸಂಜೆ ತೆಗೆಯುವುದನ್ನು ಮರೆತೆ ಅಂತ, ಡಿಪೋದಲ್ಲಿ ಮೂವತ್ತೈದು ವರ್ಷ ಒಂದು ಸಲವೂ ಮರೆತಿರಲಿಲ್ಲ. ಆಯುಧಪೂಜೆ ಅಂದರೆ ಬಿಟಿಎಸ್ ಡಿಪೋದಲ್ಲಿ ಹಿಂದಿನ ದಿನದಿಂದಲೇ ನೀರೇ ನೀರು, ಒಂದೊಂದು ಬಸ್ಸನ್ನೂ ಮದುವಣಗಿತ್ತಿಯ ಹಾಗೆ ತೊಳೆದು ನಿಲ್ಲಿಸಿದರೆ ಹೆಡ್ ಮೆಕ್ಯಾನಿಕ್ ಯಲ್ಲಪ್ಪ ಪಂಚೆ ಉಟ್ಟು ಬರುತ್ತಿದ್ದ, ಎಂಜಿನ್ನಿನ ಮುಚ್ಚಳ ತೆಗೆಸಿ, ಕಾಯಿ ಒಡೆದು, ಒಂದು ಹೋಳು ಡ್ರೈವರಿಗೆ, ಒಂದು ಹೋಳಿನ ಚಿಪ್ಪಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಎಂಜಿನ್ನಿನ ಮೇಲೆ, ವರ್ಷವೆಲ್ಲ ಬೆಂಕಿ ನುಂಗಿಕೊಂಡು ದುಡಿಯೋದು ಇದು, ಇದಕ್ಕೂ ಒಂದು ಪಾಲು ಬೇಡವಾ ಅನ್ನುತ್ತಿದ್ದ, ಆಮೇಲೆ ಇವನ ಕಡೆ ತಿರುಗಿ, ಏ ಪರಮೇಶಿ, ಎಂಜಿನ್ನಿಗಿಟ್ಟಿದ್ದನ್ನ ಎಂಜಿನ್ನು ತಿನ್ನಲ್ಲ ಕಣಯ್ಯ, ತೊಳೆಯೋನು ತಿಂತಾನೆ, ಸಂಜೆಗೆ ಮರೀದೆ ತೆಗ್ದು ಮನೆಗೆ ಒಯ್ಯಿ. ಒಯ್ಯುತ್ತಿದ್ದ, ಚೀಲದ ತುಂಬ, ಬಾಗಿಲಲ್ಲೇ ಕಾದು ನಿಂತಿರುತ್ತಿದ್ದಳು ಲಂಗದ ಜಯಶೀಲಾ, ಡೀಸೆಲ್ ವಾಸನೆ ಅಪ್ಪ ಇದು ಅನ್ನುತ್ತಲೇ ಕಚ್ಚುತ್ತಿದ್ದಳು, ದೇವಸ್ಥಾನದ ಕಾಯಿ ಕಣಮ್ಮ, ದಾರಿಯಲ್ಲಿ ಬಸ್ಸಿನ ಗಾಳಿ ತಾಗಿದೆ ಅನ್ನುತ್ತಿದ್ದ ತಾನು, ಯಾಕೆ ಹಾಗಂದದ್ದು, ತೊಳೆಯೋನಿಗೆ ಬಿಟ್ಟ ಕಾಯಿ ಅನ್ನುವುದಕ್ಕೆ ಬಾಯಿ ಬರಲಿಲ್ಲ ಅದಕ್ಕೆ, ಅವಳ ಇಸ್ಕೂಲಿನ ಕಾಗದದಲ್ಲಿ ತಂದೆಯ ಕೆಲಸ ಏನು ಅಂತ ಕೇಳಿದ್ದಕ್ಕೆ ಮೆಕ್ಯಾನಿಕ್ಕು ಅಂತ ಬರೆಸಿದ್ದ, ಬರೆದವನು ಪಕ್ಕದ ಮನೆಯವನು, ತನಗೆ ಎರಡನೇ ಕ್ಲಾಸಿನ ತನಕ ಬಂದ ಅಕ್ಷರ ಆಗಲೇ ಹಾರಿಹೋಗಿತ್ತು, ಆ ಒಂದು ಮಾತು ಅವಳ ಜೊತೆ ಬೆಳೆದು ದೊಡ್ಡದಾಯಿತು, ಅವಳಿಗಿಂತ ಎತ್ತರ ಬೆಳೆಯಿತು. ಈ ಸಲ ಆಯುಧಪೂಜೆಗೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದ, ಎದ್ದದ್ದೇ ಖುಷಿಗೆ, ನಿವೃತ್ತಿಯಾದ ಮೇಲೆ ಎಂಜಿನ್ನು ಮುಟ್ಟಿರಲಿಲ್ಲ, ಸ್ಟೇರಿಂಗಿನ ಕೆಳಗಿನ ಹಿಡಿ ಎಳೆದ, ಟಪ್ ಅಂತು, ಬಾನೆಟ್ ಎತ್ತಿದರೆ ಎಂಜಿನ್ನೇ ಕಾಣದು, ಕರೀ ಪೆಟ್ಟಿಗೆಗಳು, ಮುಚ್ಚಳದ ಒಳಮೈಗೆ ಹಳದಿ ಚೀಟಿ ಅಂಟಿಸಿದ್ದರು, ಅದರಲ್ಲಿ ಎತ್ತಿ ಹಿಡಿದ ಅಂಗೈ, ಅಭಯಹಸ್ತ, ಒಳ್ಳೇದೇ ಆಯ್ತು ಅಂದುಕೊಂಡು ಮೊದಲು ಅದಕ್ಕೇ ಕೈ ಮುಗಿದ, ಮುಟ್ಟಬೇಡ ಅನ್ನುವ ಕೈ ಅದು ತಾತ ಅಂತ ಸಿರಿ ಮೊನ್ನೆ ಯಾವುದೋ ಮಾತಿಗೆ ಹೇಳಿದಳು, ಅವಳು ಬೇರೆ ಚೀಟಿಯ ಬಗ್ಗೆ ಹೇಳಿದ್ದು, ಇವನ ಕಿವಿ ಬಿಸಿಯಾಯಿತು. ಕಾಯಿ ಒಡೆದು ಒಂದು ಹೋಳಿನ ಚಿಪ್ಪಿಗೆ ವಿಭೂತಿಯ ಮೂರು ಗೆರೆ ಎಳೆದು ಬ್ಯಾಟರಿ ಪಕ್ಕದ ಸಂದಿಯಲ್ಲಿ ಅಲ್ಲಾಡದ ಹಾಗೆ ಕೂರಿಸಿದ, ಮುಚ್ಚಿದ, ಇನ್ನೊಂದು ಹೋಳು ದೇವರ ಮುಂದಿಟ್ಟ, ಜಯಶೀಲಾ ಎದ್ದು ಬಂದು ಹೂವು ಹಾಕಿ ಆರತಿ ಎತ್ತಿ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಳು, ಅಲ್ಲಿಗೆ ಮುಗಿಯಿತು ಅಂದುಕೊಂಡಳು, ಸಂಜೆ ವಸಂತಪುರದಿಂದ ನೆಂಟರು ಬಂದರು, ಮಾತು, ಒಬ್ಬಟ್ಟು, ನಿದ್ದೆ, ಮರೆತೇ ಹೋಯಿತು, ಒಂದು ಸಂಜೆ ಮರೆತದ್ದು, ಆಮೇಲೆ ಬಂದ ಸಂಜೆಗಳೆಲ್ಲ ಅದನ್ನೇ ನೆನಪು ಮಾಡುವುದಕ್ಕೆ ಬರುತ್ತಿವೆ.

ಚಿದಾನಂದನ ಗಾಜಿನ ಕೋಣೆಯಲ್ಲಿ ಅವತ್ತು ತಣ್ಣಗಿತ್ತು. ನಮ್ಮಲ್ಲಿ ಬಾನೆಟ್ ಒಳಗೆ ಕಾಯಿ ಇಡೋ ಪದ್ಧತಿನೇ ಇಲ್ಲ ಅಂದಳು ಜಯಶೀಲಾ, ಹಲ್ಲು ಬಂದಾಗಿನಿಂದ ಆ ಕಾಯಿಯನ್ನೇ ಕಚ್ಚಿ ಬೆಳೆದವಳು, ಎಷ್ಟು ಖಚಿತವಾಗಿ ಅಂದಳು, ನಮ್ಮಪ್ಪ ಮೂವತ್ತೈದು ವರ್ಷ ಬಿಟಿಎಸ್‌ನಲ್ಲಿ ಮೆಕ್ಯಾನಿಕ್ಕು, ಎಂಜಿನ್ ಒಳಗೆ ಏನಿರಬೇಕು ಏನಿರಬಾರದು ಅಂತ ನೀವು ಅವರಿಗೆ ಹೇಳಿಕೊಡಬೇಕಾ, ಕೇಳಿ ಅವರನ್ನೇ, ಹುಟ್ಟಿದಾಗಿನಿಂದ ಒಂದು ಸುಳ್ಳು ಆಡಿದವರಲ್ಲ. ಚಿದಾನಂದ್ ಇವನ ಕಡೆ ತಿರುಗಿದ, ಒಳ್ಳೇ ಹುಡುಗನೇ, ಮೂವತ್ತರ ಮೇಲೆ ಒಂದೆರಡು, ಹೇಳಿ ಯಜಮಾನ್ರೇ, ನೀವೇನಾದ್ರೂ ಇಟ್ಟಿದ್ರಾ ಅಂದ, ಮರ್ಯಾದೆಯಿಂದಲೇ ಕೇಳಿದ. ತಲೆ ಅಲ್ಲಾಡಿತು. ಹೌದು ಅಂತ ಅಲ್ಲಾಡಿತೋ ಇಲ್ಲ ಅಂತ ಅಲ್ಲಾಡಿತೋ ಅಂತ ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ, ವಯಸ್ಸಾದವರ ತಲೆ ಸುಮ್ಮನೆಯೂ ಅಲ್ಲಾಡುತ್ತದೆ, ಅಲ್ಲವಾ, ಅಲ್ಲ, ಇಲ್ಲ ಅಂತಲೇ ಅಲ್ಲಾಡಿದ್ದು, ಅಲ್ಲಾಡಿಸಿದವನು ತಾನೇ. ಅಷ್ಟರಲ್ಲಿ ಜಯಶೀಲಾ ಫೋನಿನಲ್ಲಿ ಒಂದು ಫೋಟೋ ತೆಗೆದು ಮೇಜಿನ ಮೇಲೆ ಒತ್ತಿಟ್ಟಳು, ಗೌರಿಹಬ್ಬದ ದಿನದ ಫೋಟೋ, ಗಾಡಿ ಕೈಗೆ ಬಂದ ದಿನ, ಬಾನೆಟ್ ಬಾಯಿ ತೆರೆದುಕೊಂಡಿದೆ, ಅದರ ಮುಂದೆ ಅಂಕಮ್ಮ, ಎರಡು ಕೈಯಲ್ಲಿ ಎರಡು ಹೋಳು, ನಗುತ್ತಿದ್ದಾಳೆ, ಇದಕ್ಕೇನಂತೀರಿ, ನಿಮ್ಮ ಪೂಜೆ, ನಿಮ್ಮ ಕಾಯಿ, ನಿಮ್ಮ ಇಲಿ ಅಂದಳು. ಚಿದಾನಂದನ ಮುಖ ಇಳಿಯಿತು, ಅಂಕಮ್ಮನನ್ನು ಕರೆಸಿದ, ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ಪೂಜೆಯ ಮಧ್ಯದಿಂದ ಎದ್ದು ಬಂದವಳು, ನಾನು ಒಳಗಿಡಲ್ಲ ಸಾರ್, ಚಕ್ರದ ಹತ್ರ ಒಡೀತೀನಿ, ಎರಡು ಹೋಳೂ ಓನರ್ ಕವರಿಗೇ ಹಾಕ್ತೀನಿ, ಒಂಬತ್ತು ವರ್ಷ ಆಯ್ತು, ಯಾರನ್ನಾದ್ರೂ ಕೇಳಿ ಅಂದಳು, ಅನ್ನುತ್ತಲೇ ಆ ಹೋಳನ್ನು ಕೈಗೆ ತೆಗೆದುಕೊಂಡಳು, ತೆಗೆದುಕೊಂಡು ಬೋರಲು ಮಾಡಿದಳು. ಅಲ್ಲಿಯ ತನಕ ಯಾರೂ ಅದರ ಬೆನ್ನು ನೋಡಿರಲಿಲ್ಲ. ಚಿಪ್ಪಿನ ಮೇಲೆ ಮೂರು ಗೆರೆ, ಒಣಗಿ ಬೆಳ್ಳಗೆ, ಬೆರಳಿನ ಗೀಟು ಕೂಡ ಕಾಣುವಷ್ಟು, ಈ ಶೋರೂಮಿನ ತಟ್ಟೆಯಲ್ಲಿ ಅರಿಶಿನ ಉಂಟು ಕುಂಕುಮ ಉಂಟು ವಿಭೂತಿ ಇಲ್ಲ, ಅದು ಅವಳಿಗೆ ಗೊತ್ತು, ಅವಳೇ ಅಣಿ ಮಾಡುವ ತಟ್ಟೆ. ಗೆರೆ ನೋಡಿದಳು. ಆಮೇಲೆ ಕಣ್ಣೆತ್ತಿ ಇವನ ಹಣೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನ ಕೈ ಹಣೆಗೆ ಹೋಯಿತು. ಅಂಕಮ್ಮನ ಹೆಬ್ಬೆರಳು ಚಿಪ್ಪಿನ ಮೇಲೆ ಇತ್ತು, ಅದು ಸುಮ್ಮನೆ, ಯಾರಿಗೂ ಕಾಣದ ಹಾಗೆ, ಮಗುವಿನ ಮೂಗು ಒರೆಸಿದ ಹಾಗೆ ಒಂದು ಸಲ ಹೊರಳಿತು, ಇನ್ನೊಂದು ಸಲ ಹೊರಳಿತು, ಗೆರೆ ಅಳಿಸಿತು, ಹೋಳನ್ನು ಮತ್ತೆ ಕಾಗದದ ಮೇಲೆ ಅಂಗಾತ ಇಟ್ಟಳು, ಇರ್ಬೋದು ಸಾರ್, ಅವತ್ತು ಹಬ್ಬ, ಹನ್ನೊಂದು ಗಾಡಿ ಇತ್ತು, ನಾನೇ ಮರೆತು ಒಳಗೆ ಬಿಟ್ಟಿರ್ಬೋದು. ಈಗ ನಿಜ ಬಂತು ನೋಡಿ ಅಂದಳು ಜಯಶೀಲಾ.

ಮನೆಯಲ್ಲಿ ಆ ರಾತ್ರಿ ಊಟಕ್ಕೆ ಕೂತಾಗ ಅದೇ ಕತೆ, ಜಯಶೀಲಾ ಸಿರಿಗೆ ಒಂದು ಸಲ ಹೇಳಿದಳು, ಫೋನಿನಲ್ಲಿ ತನ್ನ ಗೆಳತಿಗೆ ಒಂದು ಸಲ, ಸುಮ್ಮನಿದ್ದಿದ್ದರೆ ನಮ್ಮ ತಲೆಗೇ ಕಟ್ಟುತ್ತಿದ್ದರು ಕಣೆ, ನಾವು ಅನ್ಯಾಯಕ್ಕೆ ಬಗ್ಗುವವರಲ್ಲ, ಅಪ್ಪ ಕಲಿಸಿದ್ದು, ಅನ್ನುತ್ತ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು, ಪರಮಶಿವಯ್ಯ ಬೇಡ ಅನ್ನಲಿಲ್ಲ, ಉಂಡ. ಬೆಳಗ್ಗೆ ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಅದು ಕಣ್ಣಿಗೆ ನಿಲ್ಲಲೊಲ್ಲದು, ಅಂಗೈ ಕಾಣುತ್ತದೆ, ಬಸ್ಸು ತೊಳೆದು ತೊಳೆದು ಬೆರಳ ಸಂದಿಯಲ್ಲಿ ಕಟ್ಟಿದ ಜಡ್ಡು ಕಾಣುತ್ತದೆ, ಅದರ ಮೇಲೆ ಇನ್ನೊಬ್ಬಳ ಹೆಬ್ಬೆರಳು ಹೊರಳಿದ ಹಾಗೆ ಆಗುತ್ತದೆ. ಏನು ಮಾಡುವುದು ಇತ್ತು, ಹೇಳಿದ್ದರೆ ಕಾಯಿಯ ಮಾತು ಬರುತ್ತಿತ್ತು, ಕಾಯಿಯ ಹಿಂದೆ ಯಲ್ಲಪ್ಪನ ಮಾತು ಬರುತ್ತಿತ್ತು, ಅದರ ಹಿಂದೆ ತೊಳೆಯೋನು ಅನ್ನುವ ಮಾತು, ಒಂದು ದಾರ ಎಳೆದರೆ ಪಂಚೆಯೇ ಬಿಚ್ಚಿಕೊಂಡ ಹಾಗೆ, ಮಗಳ ಎದುರಿಗೆ, ಮ್ಯಾನೇಜರಿನ ಎದುರಿಗೆ — ತೊಳೆಯುವುದು ಕೀಳು ಅಂತ ಯಾರು ಅಂದರು, ಯಾರೂ ಅಂದಿಲ್ಲ, ಅಂದವನು ತಾನು, ಅಂದುಕೊಂಡೇ ಒಬ್ಬ ಹೆಂಗಸನ್ನು ಬಾತ್‌ರೂಮ್ ತೊಳೆಯುವುದಕ್ಕೆ ಕಳಿಸಿದ.

ಅಂಕಮ್ಮ ಈಗ ತಿರುಗಿ ಇದೇ ಕಡೆ ಬರುತ್ತಿದ್ದಾಳೆ, ಬಕೆಟ್ಟಿನ ಚಕ್ರ ಕಿರ್ ಅನ್ನುತ್ತದೆ, ಹೋಗಿ ಬಿಡುತ್ತಾಳೆ, ಅಮ್ಮಾ ಅಂದ, ದನಿ ತನ್ನದೇ ಅನ್ನಿಸಲಿಲ್ಲ, ನಿಂತಳು, ಅವತ್ತು ಯಾಕಮ್ಮ ಹಂಗಂದೆ ಅಂತ ಕೇಳಿದ. ಅವಳು ಮೊದಲು ಕೌಂಟರಿನ ಕಡೆ ನೋಡಿದಳು, ಅಲ್ಲಿ ಜಯಶೀಲಾ ಕನ್ನಡಕ ಏರಿಸಿ ಒಂದೊಂದೇ ಕಾಗದ ಓದುತ್ತಿದ್ದಳು, ಆಮೇಲೆ ಮಾಪಿನ ಕೋಲನ್ನು ಕೈ ಬದಲಾಯಿಸಿಕೊಂಡು, ಮಗಳ ಮುಂದೆ ಯಾಕೆ ತಾತ ಅಂದಳು, ಅಷ್ಟೇ, ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಬೈಗುಳಕ್ಕೆ ಬೆನ್ನು ಕೊಟ್ಟು ರೂಢಿ ಇದೆ, ಇದಕ್ಕೆ ಎಲ್ಲಿ ಬೆನ್ನು ಕೊಡುವುದು, ಎದ್ದ, ಮಂಡಿ ಲಟಕ್ಕೆಂದಿತು, ಒದ್ದೆ ನೆಲದ ಮೇಲೆ ಗೋಡೆ ಹಿಡಿದು ನಡೆದು ಚಿದಾನಂದನ ಗಾಜಿನ ಬಾಗಿಲು ತಳ್ಳಿದ, ಅದು ತೆರೆಯಲಿಲ್ಲ, ಎಳೀಬೇಕು ಯಜಮಾನ್ರೇ ಎಳೀಬೇಕು ಅಂತ ಒಳಗಿಂದ ಅವನೇ ಎದ್ದು ಬಂದು ತೆಗೆದ, ತಳ್ಳು ಅಂತಲೋ ಎಳೆ ಅಂತಲೋ ಅಲ್ಲೂ ಬರೆದಿತ್ತು. ಆ ಹೋಳು ಇಟ್ಟವನು ನಾನು. ಅಂದುಬಿಟ್ಟ, ನಿಂತುಕೊಂಡೇ, ನಾಲ್ಕು ಮಾತೂ ಸರಿಯಾಗಿ ಬಂದವು. ಚಿದಾನಂದ್ ಬಾಗಿಲು ಹಾಕಿದ, ಆಚೆ ಒಂದು ಸಲ ಇಣುಕಿ ನೋಡಿದ, ಕೂತ್ಕೊಳಿ ಅಂದ. ಅವನಿಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ, ಹೆದರಿಕೆಯಾದ ಹಾಗೆ ಕಂಡಿತು, ನಮ್ಮ ಸ್ಟಾಫಿಂದಲೇ ತಪ್ಪಾಗಿದೆ ಅಂತ ಬರೆದು ಕಂಪನಿಗೆ ಕಳಿಸಿಯಾಗಿದೆ, ಅವರೂ ಒಪ್ಪಿದ್ದಾರೆ, ಈಗ ಅಲ್ಲ ಅಂದರೆ ನಾನು ಸುಳ್ಳುಗಾರ ಆಗ್ತೀನಿ, ನಿಮ್ಮ ಮಗಳೂ ಆಗ್ತಾರೆ, ಯಾರಿಗೆ ಬೇಕು ಹೇಳಿ, ನೀವು ಹಿರಿಯರು, ನಿಮಗೆ ಗೊತ್ತಿಲ್ಲದ್ದಾ ಅಂದ. ಆಯಮ್ಮನಿಗೆ ತಟ್ಟೆ ವಾಪಸು ಕೊಡಿ ಅಂದ ಪರಮಶಿವಯ್ಯ. ನೋಡೋಣ, ಅಂದ ಚಿದಾನಂದ್, ಸ್ವಲ್ಪ ದಿನ ಹೋಗಲಿ, ಕಾಫಿ ಕುಡೀತೀರಾ. ಆಗ ಎದೆಯೊಳಗೆ ಏನೋ ಸಡಿಲಾಯಿತು, ಹೇಳಿಯೂ ಆಯಿತು, ಹೇಳಿದ್ದು ಯಾರಿಗೂ ಗೊತ್ತಾಗುವುದೂ ಇಲ್ಲ, ಮಗಳಿಗೂ ಗೊತ್ತಾಗುವುದಿಲ್ಲ, ಹಗುರಾಯಿತು, ಅಷ್ಟು ಹಗುರಾದದ್ದಕ್ಕೆ ಮುಖ ಬಿಸಿಯಾಯಿತು, ಆದರೂ ಹಗುರವೇ, ಕಾಗದದ ಲೋಟದಲ್ಲಿ ಕಾಫಿ ಬಂತು, ಕುಡಿದ, ಸಕ್ಕರೆ ಸರಿಯಾಗಿ ಬಿದ್ದಿತ್ತು.

ಗಾಡಿ ಬಂತು, ಮುಂದಿನ ಸೀಟು, ಜಯಶೀಲಾ ಬಗ್ಗಿ ಅವನ ಬೆಲ್ಟು ಹಾಕಿದಳು, ಚಿಕ್ಕಂದಿನಲ್ಲಿ ಇವನು ಅವಳ ಲಂಗದ ಲಾಡಿ ಕಟ್ಟುತ್ತಿದ್ದ ಹಾಗೆ, ಎಂಜಿನ್ನು ಒಂದೇ ಸಲಕ್ಕೆ ಎದ್ದಿತು, ಕೇಳಿದ್ಯಾ ಅಪ್ಪ ಶಬ್ದ, ಬೆಣ್ಣೆ ಹಂಗಿದೆ ಅಂದಳು, ಆಮೇಲೆ ನಗುತ್ತ, ನಾನು ಎಷ್ಟು ಕಿರುಚಿದರೂ ಏನೂ ಆಗ್ತಿರಲಿಲ್ಲ ಗೊತ್ತಾ, ನೀನು ಅವತ್ತು ತಲೆ ಅಲ್ಲಾಡಿಸಿದೆ ನೋಡು, ಅಲ್ಲಿಗೇ ಅವನು ಸೋತ. ಗಾಡಿ ಹೊರಡಲಿಲ್ಲ, ಎದುರಿಗೆ ಇನ್ನೊಂದು ಹೊಸ ಕಾರು, ಕೆಂಪು ರಿಬ್ಬನ್ನು, ಸುತ್ತ ಒಂದು ಸಂಸಾರ, ಪೂಜೆ ಮುಗಿಯುವ ತನಕ ದಾರಿ ಇಲ್ಲ, ರಿಸೆಪ್ಷನ್ನಿನ ಹುಡುಗಿ ಸುರಭಿ ಮರೂನು ಸೀರೆಯಲ್ಲಿ, ಅದೇ ಸೀರೆ, ಅವಳಿಗೆ ಉದ್ದವಾಗಿದೆ, ಕಾಯಿ ಎತ್ತಿ ಕಲ್ಲಿಗೆ ಕುಕ್ಕಿದಳು, ಒಡೆಯಲಿಲ್ಲ, ಇನ್ನೊಂದು ಸಲ, ಒಡೆಯಲಿಲ್ಲ, ಜನ ನಕ್ಕರು, ಹುಡುಗಿ ಸುತ್ತ ನೋಡಿದಳು, ಬಾಗಿಲ ಹತ್ತಿರ ನೀಲಿ ಕೋಟಿನಲ್ಲಿ ಮಾಪು ಹಿಡಿದು ನಿಂತಿದ್ದಳು ಅಂಕಮ್ಮ, ಅವಳ ಬಲಗೈ ತಾನೇ ತಾನಾಗಿ ಮುಂದೆ ಬಂತು, ಕೊಡು ಇಲ್ಲಿ ಅನ್ನುವ ಹಾಗೆ, ಅರ್ಧಕ್ಕೆ ಬಂದು ನಿಂತಿತು, ಅಲ್ಲಿಂದಲೇ ಇಳಿದು ಕೋಟಿಗೆ ಒರೆಸಿಕೊಂಡಿತು — ಇಳಿಯಬೇಕು, ಬೆಲ್ಟಿನ ಗುಂಡಿ ಎಲ್ಲಿ, ಯಾವುದು ಒತ್ತುವುದು — ಏನಪ್ಪ, ಏನು ಹುಡುಕ್ತಿದೀಯ, ಬಿಸಿಲಾ, ಅಂತ ಜಯಶೀಲಾ ಅವನ ಮುಂದಿನ ಗಾಜಿನ ಮೇಲೆ ಮಡಚಿದ್ದ ಬಿಸಿಲು ತಡೆಯುವ ಪಟ್ಟಿ ಇಳಿಸಿದಳು, ಅದರೊಳಗೊಂದು ಪುಟ್ಟ ಕನ್ನಡಿ, ಕನ್ನಡಿಯ ತುಂಬ ಹಣೆ, ಹಣೆಯ ತುಂಬ ಗೆರೆ, ಇವನ ಹೆಬ್ಬೆರಳು ಅಲ್ಲಿಗೆ ಹೋಯಿತು, ಉಜ್ಜಿದ, ಬೂದಿ ಹೋಯಿತು, ಅದರ ಕೆಳಗೆ ಚರ್ಮದ ಗೆರೆ, ಅದೂ ಮೂರು, ಉಜ್ಜಿದ, ಅಂಕಮ್ಮನ ಹೆಬ್ಬೆರಳು, ಚಿಪ್ಪಿನ ಮೇಲೆ, ಸುಮ್ಮನೆ, ಒಂದು ಸಲ ಹೊರಳಿತು, ಇನ್ನೊಂದು ಸಲ, ಆಚೆ ಎಲ್ಲೋ ಕಾಯಿ ಒಡೆಯಿತು, ಅವಳ ಹೆಬ್ಬೆರಳು, ಮೂರು ಗೆರೆ, ಹೆಬ್ಬೆರಳು,